ಟೆಕ್ಸಾಸ್‌ನಲ್ಲಿ ಎರಡು ಪಿಸ್ತೂಲ್ ಕ್ಲಾಸಿಗೆ ಹೋಗ್ಬಂದೆ, ಯಾವುದು ಯಾರಿಗೆ ಅಂತ ಹೇಳ್ತೀನಿ

ನಾನು ಸಕಲೇಶಪುರದ ಕಡೆ ಕಾಫಿ ತೋಟದ ಮನೇಲಿ ಬೆಳೆದವಳು, ಕೋವಿ ಅಂದ್ರೆ ಹೊಸದಲ್ಲ. ಅಜ್ಜನ ಜೋಡುನಳಿಗೆ ಕೋವಿ ಅವರ ರೂಮಿನ ಗೋಡೇಲಿ ತೂಗ್ತಿತ್ತು, ಎಲೆಕ್ಷನ್ ಬಂದಾಗೆಲ್ಲ ಸ್ಟೇಷನ್ನಿಗೆ ಡಿಪಾಸಿಟ್ ಮಾಡಿ ಬರೋರು, ತಿಂಗಳುಗಟ್ಲೆ ಬಿಟ್ಟು ವಾಪಸ್ ತಂದಾಗ ನಳಿಗೆ ಮೇಲೆ ತುಕ್ಕಿನ ಚುಕ್ಕೆ ಕಂಡ್ರೆ ಅವತ್ತು ಯಾರ ಜೊತೇನೂ ಮಾತಾಡ್ತಿರ್ಲಿಲ್ಲ, ಚಾವಡೀಲಿ ಕೂತ್ಕೊಂಡು ಕೊಬ್ಬರಿ ಎಣ್ಣೆ ಹಾಕಿ ಉಜ್ಜೋರು. ಹೆಣ್ಮಕ್ಕಳಿಗೆ ಮಾತ್ರ ಮುಟ್ಟೋಕೆ ಬಿಡ್ತಿರ್ಲಿಲ್ಲ. ಈಗ ಡಲ್ಲಾಸ್ ಹತ್ರ 11 ವರ್ಷ ಆಯ್ತು, ಗ್ರೀನ್ ಕಾರ್ಡ್ ಬಂತು, ನಮ್ಮ ಮನೆಯವ್ರು ಒಂದು ಪಿಸ್ತೂಲ್ ಇರ್ಲಿ ಅಂದ್ರು. ನಾನಂದೆ, 9 ವರ್ಷದ ಮಗಳಿರೋ ಮನೆಗೆ ಅದು ಬರ್ಬೇಕಂದ್ರೆ ಮೊದ್ಲು ನಾವಿಬ್ರೂ ಕಲೀಬೇಕು, ಹೊಡಿಯೋದಷ್ಟೇ ಅಲ್ಲ, ಬಿಚ್ಚಿ, ಕ್ಲೀನ್ ಮಾಡಿ, ವಾಪಸ್ ಜೋಡ್ಸೋದೂ ಬರ್ಬೇಕು ಅಂತ.

ಮುಂದಕ್ಕೆ ಹೋಗೋಕೆ ಮುಂಚೆ ಒಂದು ವಿಷ್ಯ, ಇದನ್ನ ನಮ್ಮೋರು ಎಷ್ಟೋ ಜನ ತಿಳ್ಕೊಂಡೇ ಇಲ್ಲ. ಎಚ್-1ಬಿ (ಕೆಲಸದ್ದು), ಎಫ್-1 (ಓದೋಕೆ ಬರೋರದ್ದು) ಥರದ ವೀಸಾದಲ್ಲಿ ಇರೋರು ಇಲ್ಲಿ ಬಂದೂಕು, ಗುಂಡು ಇಟ್ಕೊಳ್ಳೋದು ಫೆಡರಲ್ ಕಾನೂನಿನ ಪ್ರಕಾರ ಅಪರಾಧ, ಕೆಲವು ವಿನಾಯಿತಿ ಇವೆ, ಅದ್ರಲ್ಲಿ ಮುಖ್ಯವಾದ್ದು ಹಂಟಿಂಗ್ ಲೈಸೆನ್ಸ್. ರೇಂಜಲ್ಲಿ, ಅಂದ್ರೆ ಗುಂಡು ಹೊಡೆದು ಅಭ್ಯಾಸ ಮಾಡೋ ಜಾಗದಲ್ಲಿ, ಬಾಡಿಗೆ ಪಿಸ್ತೂಲ್ ಅರ್ಧ ಗಂಟೆ ಕೈಲಿ ಹಿಡಿದ್ರೂ ಈ ಪ್ರಶ್ನೆ ಬರತ್ತೆ. ಫ್ರೆಂಡ್ ಕರೆದ ಅಂತ ವೀಕೆಂಡ್ ಹೊರಡೋಕೆ ಮುಂಚೆ ಇಮಿಗ್ರೇಷನ್ ಲಾಯರ್ ಹತ್ರ ಒಂದು ಮಾತು ಕೇಳಿ, ವೀಸಾ ವಿಷ್ಯದಲ್ಲಿ ಆಟ ಬೇಡ. ಗ್ರೀನ್ ಕಾರ್ಡ್ ಇದ್ದೋರಿಗೆ ಈ ತೊಂದ್ರೆ ಇಲ್ಲ.

ಮೊದಲ್ನೇ ಕ್ಲಾಸು ಒಂದು ದೊಡ್ಡ ಇಂಡೋರ್ ರೇಂಜಲ್ಲಿ. 3 ಗಂಟೆ, 80 ಡಾಲರ್, 16 ಜನ. ಪಿಸ್ತೂಲ್ ಅವರದ್ದೇ, ಗುಂಡೂ ಅವರದ್ದೇ, ಬರೀ ಕೈಲಿ ಹೋದ್ರೆ ಸಾಕು. ಮೊದಲ ಒಂದು ಗಂಟೆ ಪರದೆ ಮೇಲೆ ಸ್ಲೈಡ್ ಹಾಕ್ಕೊಂಡು ಪಾಠ. ಯಾವಾಗ್ಲೂ ತುಂಬಿದೆ ಅಂತಾನೇ ತಿಳ್ಕೊ, ನಾಶ ಮಾಡೋಕೆ ಮನಸ್ಸಿಲ್ಲದ ಯಾವುದರ ಕಡೆಗೂ ನಳಿಗೆ ತಿರುಗಿಸ್ಬೇಡ, ಗುರಿ ಕೂರೋವರೆಗೂ ಟ್ರಿಗರ್ ಮೇಲೆ ಬೆರಳಿಡ್ಬೇಡ, ಗುರಿ ಹಿಂದೆ ಏನಿದೆ ಅಂತ ನೋಡ್ಕೊ, ಈ ನಾಲ್ಕು ರೂಲ್ ಬಾಯಿಪಾಠ ಮಾಡ್ಸಿದ್ರು. ಅದು ಚೆನ್ನಾಗೇ ಮಾಡ್ಸಿದ್ರು.

ಈ ಕ್ಲಾಸಿನ ದೊಡ್ಡ ಲಾಭ ಅಂದ್ರೆ ಬೇರೆ ಬೇರೆ ಪಿಸ್ತೂಲ್ ಕೈಲಿ ಹಿಡಿದು ನೋಡೋಕೆ ಸಿಕ್ಕಿದ್ದು. ಗ್ಲಾಕ್ 19, ಸಿಗ್ ಪಿ365, ಸ್ಮಿತ್ ಅಂಡ್ ವೆಸನ್ ಶೀಲ್ಡ್ ಈಜಡ್, ಮೂರೂ 9 ಎಂಎಂ, ಮೂರಕ್ಕೂ ಸ್ವಭಾವ ಬೇರೆ. ಪಿ365 ಅಂಗೈಯಲ್ಲಿ ಮುಚ್ಚಿಹೋಗೋ ಅಷ್ಟು ಚಿಕ್ಕದು, ನೋಡೋಕೆ ಮುದ್ದಾಗಿದೆ, ಆದ್ರೆ ಚಿಕ್ಕದಾದಷ್ಟೂ ಕೈಗೆ ಒದೆತ ಜಾಸ್ತಿ, ಹತ್ತು ಈಡು ಹೊಡಿಯೋದ್ರಲ್ಲಿ ಹೆಬ್ಬೆರಳ ಬುಡ ನೋಯ್ತಿತ್ತು. ಈಜಡ್‌ನ ಸ್ಲೈಡ್, ಅಂದ್ರೆ ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಜಾರೋ ಭಾಗ, ಎಳೆಯೋದು ಸುಲಭ, ಕೈಯಲ್ಲಿ ಶಕ್ತಿ ಕಮ್ಮಿ ಇರೋರಿಗೆ, ಗಂಟು ನೋವಿರೋರಿಗೆ ಅಂತಾನೇ ಮಾಡಿರೋದು. ಗ್ಲಾಕ್ 19 ಸ್ಲೈಡ್ ನಂಗೆ ಮೊದ್ಲು ಅಲ್ಲಾಡ್ಲೇ ಇಲ್ಲ. ಅಲ್ಲಿದ್ದ ಒಬ್ಬ ಹುಡುಗಿ ಬಂದು, ಎಡಗೈಲಿ ಹಿಂದಕ್ಕೆ ಎಳೀಬೇಡಿ, ಪಿಸ್ತೂಲನ್ನ ಎದೆ ಹತ್ರ ತಂದು ಎಡಗೈಲಿ ಸ್ಲೈಡ್ ಮೇಲಿಂದ ಗಟ್ಟಿ ಹಿಡ್ಕೊಂಡು ಬಲಗೈನ ಮುಂದಕ್ಕೆ ತಳ್ಳಿ, ನಳಿಗೆ ಗುರಿ ಕಡೇನೇ ಇರ್ಲಿ ಅಂತ ತೋರಿಸ್ಕೊಟ್ಳು, ಎರಡನೇ ಸಲಕ್ಕೇ ಬಂತು. ಹಿಂದಕ್ಕೆ ಎಳೆಯೋ ಶಕ್ತಿ ಸಾಲ್ದೇ ಇದ್ರೂ ಮುಂದಕ್ಕೆ ತಳ್ಳೋ ಶಕ್ತಿ ಎಲ್ರಿಗೂ ಇರತ್ತೆ. ಆಮೇಲೆ ನಾವು ಗ್ಲಾಕ್ 19 ಅನ್ನೇ ತಗೊಂಡ್ವಿ, ಮಧ್ಯಮ ಸೈಜು, 15 ಗುಂಡಿನ ಮ್ಯಾಗಜೀನ್ (ಗುಂಡು ತುಂಬೋ ಡಬ್ಬಿ), ಇಬ್ಬರ ಕೈಗೂ ಹೊಂದತ್ತೆ.

ಇನ್ನು ಬೇಜಾರಾಗಿದ್ದು. ಒಬ್ಬೊಬ್ರಿಗೆ 50 ಗುಂಡು, ಆದ್ರೆ 16 ಜನಕ್ಕೆ ಇಬ್ರೇ ಹೇಳ್ಕೊಡೋರು. 7 ಗಜದಲ್ಲಿ ನನ್ನ ಗುಂಡೆಲ್ಲ ಎಡಗಡೆ ಕೆಳಗೇ ಬೀಳ್ತಿತ್ತು, ಯಾಕೆ ಅಂತ ಕೇಳಿದ್ರೆ ಹಿಂದಿಂದ ಹಾದುಹೋಗ್ತಾ ಫೋಕಸ್ ಮಾಡಿ ಅಂದ್ಬಿಟ್ಟು ಮುಂದಕ್ಕೆ ಹೋದ್ರು. ಅಷ್ಟೇ ಉತ್ತರ. ಪಕ್ಕದ ಲೇನಿಂದ ಹಾರಿದ ಬಿಸಿ ಖಾಲಿ ತೋಟಾ ನನ್ನ ಕುರ್ತಾದ ಕತ್ತೊಳಗೆ ಬಿತ್ತು, ಸುಟ್ಟ ಗುರುತು ವಾರ ಇತ್ತು. ಕತ್ತು ಮುಚ್ಚೋ ಬಟ್ಟೆ ಹಾಕ್ಕೊಂಡು ಬನ್ನಿ ಅಂತ ಮೊದ್ಲೇ ಒಂದು ಮಾತು ಹೇಳ್ಬಹುದಿತ್ತು, ಹಂಗೆ ಬಿಸಿ ತಗುಲಿದಾಗ ಪಿಸ್ತೂಲ್ ಕೈಲಿರೋರು ಗಾಬರಿಯಾಗಿ ತಿರುಗಿಬಿಟ್ರೆ ಏನು ಗತಿ. ಮೇಂಟೆನೆನ್ಸ್ ಅಂತ ಜಾಹೀರಾತಲ್ಲಿ ಇದ್ದಿದ್ದು ಕೊನೇ 10 ನಿಮಿಷ, ಅವ್ರೇ ಮುಂದೆ ನಿಂತು ಬಿಚ್ಚಿದ್ರು, ಅವ್ರೇ ಜೋಡಿಸಿದ್ರು, ಹಿಂದೆ ಕೂತೋರಿಗೆ ಅವ್ರ ಬೆನ್ನು ಕಾಣ್ತಿತ್ತು. ಗುಂಡು ಹೊಡೆದು ಬಂದ ಕೈಯಲ್ಲೇ ಎಲ್ರೂ ಚಿಪ್ಸ್ ತಿಂತಿದ್ರು, ಸೀಸದ ಪುಡಿ ಕೈಗೆ ಅಂಟಿರತ್ತೆ ಅಂತ ಯಾರೂ ಹೇಳ್ಲಿಲ್ಲ.

ಎರಡನೇ ಕ್ಲಾಸು ಊರಾಚೆ ಬಯಲಲ್ಲಿ. ಇಡೀ ದಿನ, 8 ಗಂಟೆ, 210 ಡಾಲರ್, 6 ಜನ. ಪಿಸ್ತೂಲ್, ಗುಂಡು, ಕಣ್ಣಿಗೆ ಕಿವಿಗೆ ಹಾಕ್ಕೊಳ್ಳೋದು ಎಲ್ಲಾ ನಮ್ಮದೇ ತಗೊಂಡು ಹೋಗ್ಬೇಕು, ಗುಂಡಿನ ಖರ್ಚು ಬೇರೆ. ಹೇಳ್ಕೊಡೋರು ಸೈನ್ಯದಿಂದ ರಿಟೈರ್ ಆದ ಒಬ್ಬ ಹಿರಿಯರು, ನಂಗೆ ನಮ್ಮ ಹೈಸ್ಕೂಲ್ ಮೇಷ್ಟ್ರೇ ನೆನಪಾದ್ರು. ಬೆಳಗ್ಗೆ ಎರಡು ಗಂಟೆ ಒಂದೂ ಗುಂಡು ಹೊಡೆಸ್ಲಿಲ್ಲ. ಗುಂಡಿನ ಡಬ್ಬ ಎಲ್ಲಾ ಬೇರೆ ರೂಮಲ್ಲಿ ಇಡ್ಸಿ, ಟೇಬಲ್ ಮೇಲೆ ಹಳೇ ಟವೆಲ್ ಹಾಸಿ, ಬಿಚ್ಚಿ ಅಂದ್ರು.

ಗ್ಲಾಕ್ ಬಿಚ್ಬೇಕಂದ್ರೆ ಮೊದ್ಲು ಟ್ರಿಗರ್ ಒತ್ಬೇಕು, ಅದೇ ಅದರ ಭಯ. ಒಳಗೆ ಒಂದು ಗುಂಡು ಉಳಿದಿದ್ರೆ ಟೇಬಲ್ ಹತ್ರಾನೇ ಈಡು ಹಾರತ್ತೆ. ಅದಕ್ಕೆ ಮ್ಯಾಗಜೀನ್ ತೆಗಿ, ಸ್ಲೈಡ್ ಮೂರು ಸಲ ಎಳಿ, ಹಿಂದಕ್ಕೆ ಲಾಕ್ ಮಾಡಿ ಕಣ್ಣಿಂದ ನೋಡು, ಕಿರುಬೆರಳು ಹಾಕಿ ಚೇಂಬರ್ (ನಳಿಗೇಲಿ ಗುಂಡು ಕೂರೋ ಜಾಗ) ಮುಟ್ಟಿ ನೋಡು, ಪಕ್ಕದೋರಿಗೆ ತೋರ್ಸು, ಆಮೇಲೆ ಸುರಕ್ಷಿತ ದಿಕ್ಕಿಗೆ ಹಿಡಿದು ಟ್ರಿಗರ್ ಒತ್ತು. ನಾನು ಚೆನ್ನಾಗಿ ನೋಡಿದೀನಿ ಅಂದ್ಕೊಂಡು ಕಿರುಬೆರಳು ಹಾಕೋದು ಬಿಟ್ಟೆ, ಮೇಷ್ಟ್ರು ಒಂದೂ ಮಾತಾಡದೆ ಮ್ಯಾಗಜೀನ್ ವಾಪಸ್ ಕೈಗೆ ಕೊಟ್ಟು ಮೊದಲಿಂದ ಮಾಡ್ಸಿದ್ರು. ಆಮೇಲೆ ಸ್ಲೈಡನ್ನ ಒಂದು ಕೂದಲೆಳೆಯಷ್ಟು ಹಿಂದಕ್ಕೆ ಎಳೆದು ಎರಡೂ ಪಕ್ಕದ ಚಿಕ್ಕ ಗುಂಡಿ ಕೆಳಗೆ ಎಳೆದ್ರೆ ಸ್ಲೈಡ್ ಮುಂದಕ್ಕೆ ಜಾರಿ ಬರತ್ತೆ. ಪಕ್ಕದಲ್ಲಿದ್ದೋರ ಹತ್ರ ಸ್ಮಿತ್ ಅಂಡ್ ವೆಸನ್ನೋರ ಎಂ ಅಂಡ್ ಪಿ ಪಿಸ್ತೂಲ್ ಇತ್ತು, ಅದಕ್ಕೆ ಒಳಗೊಂದು ಚಿಕ್ಕ ಲಿವರ್ ಒತ್ತಿದ್ರೆ ಟ್ರಿಗರ್ ಮುಟ್ಟದೇನೇ ಬಿಚ್ಬಹುದು. ಮನೇಲಿ ಮಕ್ಕಳಿರೋರು ಪಿಸ್ತೂಲ್ ತಗೋಳ್ಳೋಕೆ ಮುಂಚೆ ಇದನ್ನೂ ಲೆಕ್ಕಕ್ಕೆ ತಗೊಳ್ಳಿ, ನಂಗೆ ಮೊದ್ಲೇ ಗೊತ್ತಿದ್ರೆ ಇನ್ನೊಂದ್ಸಲ ಯೋಚ್ನೆ ಮಾಡ್ತಿದ್ದೆ.

ನಳಿಗೆಗೆ ಬ್ರಷ್ ಹಾಕೋದು ಚೇಂಬರ್ ಕಡೆಯಿಂದ ಬಾಯಿ ಕಡೆಗೆ. ಮಸಿ ಕರಗ್ಸೋ ಸಾಲ್ವೆಂಟ್ ಹಚ್ಚಿದ ಬಿಳೀ ಬಟ್ಟೆ ತುಂಡು ಮೊದಲ್ನೇದು ಕಾಡಿಗೆ ಥರ ಕಪ್ಪಾಗಿ ಬಂತು, ಐದನೇದು ಬೂದಿ ಬಣ್ಣ, ಎಂಟನೇದು ಹೆಚ್ಚುಕಮ್ಮಿ ಬಿಳಿ. ಎಣ್ಣೆ ಹನಿ ಲೆಕ್ಕದಲ್ಲಿ. ನಾನು ಅಜ್ಜನ ಹಾಗೆ ಧಾರಾಳವಾಗಿ ಹಾಕೋಕೆ ಹೋದೆ, ಮೇಷ್ಟ್ರು ಕೈ ಹಿಡಿದು ನಿಲ್ಸಿದ್ರು, ಜಾಸ್ತಿ ಹಾಕಿದ್ರೆ ಮಸಿ, ಧೂಳು ಎಲ್ಲಾ ಅಂಟಿ ಒಳಗೆ ಮೇಣ ಕಟ್ಟತ್ತೆ, ಸ್ಟ್ರೈಕರ್ (ಗುಂಡಿನ ಹಿಂಭಾಗಕ್ಕೆ ಹೊಡಿಯೋ ಮೊಳೆ) ಇರೋ ಜಾಗಕ್ಕಂತೂ ಎಣ್ಣೆ ಹೋಗ್ಲೇಬಾರ್ದು ಅಂತ. ಆರೂ ಜನ ಮೂರ್ಮೂರು ಸಲ ಬಿಚ್ಚಿ ಜೋಡ್ಸಿದ್ವಿ. ಗ್ಲೌಸ್ ಹಾಕ್ಕೊಂಡೇ ಮಾಡಿದ್ವಿ, ಊಟಕ್ಕೆ ಮುಂಚೆ ತಣ್ಣೀರು ಸೋಪಲ್ಲಿ ಕೈ ಮುಖ ತೊಳೆದು ಬರೋವರೆಗೂ ಡಬ್ಬ ತೆಗೆಯೋಕೆ ಬಿಡ್ಲಿಲ್ಲ, ಮನೆಗೆ ಹೋದ ತಕ್ಷಣ ಮಕ್ಕಳನ್ನ ಎತ್ಕೊಳ್ಳೋಕೆ ಮುಂಚೆ ಬಟ್ಟೆ ಬದಲಾಯ್ಸಿ ಅಂದ್ರು.

ಮಧ್ಯಾಹ್ನ, ನನ್ನ ಗುಂಡು ಯಾಕೆ ಎಡಗಡೆ ಕೆಳಗೆ ಬೀಳತ್ತೆ ಅನ್ನೋದಕ್ಕೆ ಉತ್ತರ ಸಿಕ್ತು. ಮೇಷ್ಟ್ರು ನಂಗೆ ಕಾಣದ ಹಾಗೆ ಮ್ಯಾಗಜೀನ್ ತುಂಬಿದ್ರು, ನಿಜವಾದ ಗುಂಡಿನ ಮಧ್ಯೆ ಎರಡು ಪ್ಲಾಸ್ಟಿಕ್ ಡಮ್ಮಿ. ಎರಡು ಈಡು ಹಾರಿತು, ಮೂರನೇದು ಡಮ್ಮಿ, ಟಿಕ್ ಅಂತಷ್ಟೇ ಸದ್ದು, ಆದ್ರೆ ಪಿಸ್ತೂಲಿನ ಮೂತಿ ಎರಡು ಇಂಚು ಕೆಳಗೆ ಕುಕ್ಕಿತು. ಒದೆತ ಬರೋಕೆ ಮುಂಚೇನೇ ನಾನು ಕೈ ಬಿಗಿ ಹಿಡಿದು ಕೆಳಗೆ ಒತ್ತಿದ್ದೆ, ಅದು ನನ್ನ ಕಣ್ಣಿಗೇ ಕಾಣ್ತು, ಯಾರೂ ಹೇಳೋದೇ ಬೇಕಾಗ್ಲಿಲ್ಲ. ಆಮೇಲೆ ಗುಂಡೇ ಇಲ್ದೆ ಮುಂದಿನ ಸೈಟ್ (ಗುರಿ ಹಿಡಿಯೋ ಮೊನೆ) ಮೇಲೆ ಒಂದು ನಾಣ್ಯ ಇಟ್ಟು ಅದು ಬೀಳದ ಹಾಗೆ ಟ್ರಿಗರ್ ಒತ್ತಿಸಿದ್ರು, ಇಪ್ಪತ್ತು ಸಲ, ಮೂವತ್ತು ಸಲ. ಸಂಜೆಗೆ 7 ಗಜದಲ್ಲಿ ನನ್ನ ಗುಂಡೆಲ್ಲ ಚಪಾತಿಯಷ್ಟು ಅಗಲದಲ್ಲಿ ನಡೂಮಧ್ಯೆ ಬಿತ್ತು, ನಂಗೆ ಕಣ್ಣಲ್ಲಿ ನೀರು ಬಂತು.

ಈ ರಾಜ್ಯದಲ್ಲಿ 2021ರ ಸೆಪ್ಟೆಂಬರ್ 1ರಿಂದ 21 ವರ್ಷ ಆದ, ಬಂದೂಕು ಇಟ್ಕೊಳ್ಳೋ ಹಕ್ಕಿರೋ ಹೆಚ್ಚಿನೋರು ಲೈಸೆನ್ಸ್ ಇಲ್ದೇನೇ ಕೈಬಂದೂಕು ಜೊತೇಲಿಟ್ಕೊಂಡು ಓಡಾಡ್ಬಹುದು, ಕ್ಲಾಸ್ ಕಡ್ಡಾಯ ಅಲ್ಲ. ಲೈಸೆನ್ಸ್ ಬೇಕಂದ್ರೆ ಈಗ್ಲೂ ಇದೆ, ಅದರ ಪರೀಕ್ಷೇಲಿ 3, 7, 15 ಗಜದಿಂದ ಒಟ್ಟು 50 ಗುಂಡು ಹೊಡೆದು 250ಕ್ಕೆ 175 ಅಂಕ ತಗೋಬೇಕು. ಕಡ್ಡಾಯ ಅಲ್ಲ ಅನ್ನೋ ಒಂದೇ ಕಾರಣಕ್ಕೆ ಏನೂ ಕಲೀದೆ ತಗೊಂಡು ಡ್ರಾಯರಲ್ಲಿ ಇಡೋರನ್ನ ಕಂಡ್ರೆ ನಂಗೆ ನಿಜವಾಗ್ಲೂ ಹೆದರಿಕೆ ಆಗತ್ತೆ. 17 ವರ್ಷದ ಒಳಗಿನ ಮಗುಗೆ ತುಂಬಿದ ಬಂದೂಕು ಸಿಗೋ ಹಾಗೆ ನಿರ್ಲಕ್ಷ್ಯದಿಂದ ಬಿಟ್ರೆ ಇಲ್ಲಿ ಅಪರಾಧ, ಇದನ್ನ ಎರಡನೇ ಕ್ಲಾಸಲ್ಲಿ ಮುಕ್ಕಾಲು ಗಂಟೆ ಹೇಳಿದ್ರು, ಲಾಕ್‌ಬಾಕ್ಸ್ ಎಲ್ಲಿ ಇಡ್ಬೇಕು, ಕೀ ಯಾರ ಹತ್ರ ಇರ್ಬೇಕು ಅನ್ನೋವರೆಗೂ. ಮೊದಲ್ನೇದ್ರಲ್ಲಿ ಒಂದು ಕೇಬಲ್ ಲಾಕ್ ಕೈಗಿಟ್ಟು ಕಳ್ಸಿದ್ರು.

ಹಾಗಾಗಿ ಯಾವ ಪಿಸ್ತೂಲ್ ಅಂತ ಇನ್ನೂ ಗೊತ್ತಿಲ್ದೋರು ಮೊದಲ್ನೇ ಥರದ ಕ್ಲಾಸಿಗೆ ಹೋಗಿ, 80 ಡಾಲರ್ ದಂಡ ಅಲ್ಲ. ತಗೊಂಡಾದ್ಮೇಲೆ ಮಾತ್ರ 210 ಕೊಟ್ಟು ಎರಡನೇ ಥರದ್ದಕ್ಕೇ ಹೋಗಿ. ಬುಕ್ ಮಾಡೋಕೆ ಮುಂಚೆ ಫೋನ್ ಮಾಡಿ ಎರಡು ಪ್ರಶ್ನೆ ಕೇಳಿ: ಒಬ್ಬ ಮೇಷ್ಟ್ರಿಗೆ ಎಷ್ಟು ಜನ, ಮತ್ತೆ ಬಿಚ್ಚೋದು ನಾವಾ ನೀವಾ ಅಂತ.

ಮೊನ್ನೆ ಭಾನುವಾರ ಅಪ್ಪನಿಗೆ ವಿಡಿಯೋ ಕಾಲ್ ಮಾಡಿದ್ದೆ, ಅಜ್ಜನ ಕೋವಿ ಈಗ ಅವರ ಹೆಸರಲ್ಲಿದೆ. ಕೊಬ್ಬರಿ ಎಣ್ಣೆ ಬೇಡ ಅಪ್ಪಾ, ಚಳೀಲಿ ಗಟ್ಟಿಯಾಗತ್ತೆ, ಬಂದೂಕಿನ ಎಣ್ಣೇನೇ ತಗೊಳ್ಳಿ ಅಂದೆ. ಕೋವಿ ಮಡಚಿ ಎರಡೂ ನಳಿಗೆ ಖಾಲಿ ಇರೋದನ್ನ ಕ್ಯಾಮೆರಾಗೆ ತೋರ್ಸಿ ಅಂದೆ, ತೋರ್ಸಿದ್ರು, ಬೆರಳು ಹಾಕಿ ನೋಡಿ ಅಂದೆ, ಅದನ್ನೂ ಮಾಡಿದ್ರು. ಆಮೇಲೆ ಇಬ್ರೂ ಕೂತ್ಕೊಂಡು, ಅವ್ರು ಅಲ್ಲಿ ಚಾವಡೀಲಿ, ನಾನು ಇಲ್ಲಿ ಗ್ಯಾರೇಜಲ್ಲಿ, ನಳಿಗೆ ಉಜ್ಜಿದ್ವಿ. ಮುಂದಿನ ಸಲ ಊರಿಗೆ ಬಂದಾಗ ಕೋವೀನ ನೀನೇ ಕ್ಲೀನ್ ಮಾಡ್ಕೊಡು ಅಂದ್ರು ಅಪ್ಪ.