ಎಂಜಿಬಿಗೆ ತಗೊಂಡ ಕ್ಯಾಮ್ ಕಿಟ್ಟು: ಟ್ಯಾಪೆಟ್ಟಿಗೆ ಒಂದು ಸ್ಟಾರ್, ಗ್ರೈಂಡಿಂಗ್ ಅಂಗಡಿಗೆ ಐದು

ನಂದು 1970ರ ಎಂಜಿಬಿ ಜಿಟಿ, ಬ್ರಿಟನ್ನಿನ ಹಳೇ ಸ್ಪೋರ್ಟ್ಸ್ ಕಾರು. ನಾನಿರೋದು ಆಕ್ಸ್‌ಫರ್ಡ್ ಪಕ್ಕ, ಈ ಗಾಡಿ ಹುಟ್ಟಿದ ಆಬಿಂಗ್ಡನ್ ಇಲ್ಲೇ ಹತ್ರ, ಫ್ಯಾಕ್ಟರಿ 1980ರಲ್ಲೇ ಬಾಗ್ಲು ಹಾಕ್ತು ಬಿಡಿ. ಎಂಜಿಬಿಗೂ ನಮಗೂ ಏನ್ರೀ ಸಂಬಂಧ ಅನ್ಬೇಡಿ, ಒಳಗಿರೋದು ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಬಿ-ಸೀರೀಸ್ ಇಂಜಿನ್ನು, 1798 ಸಿಸಿ, ನಮ್ಮ ಅಂಬಾಸಿಡರ್‌ನ 1489 ಸಿಸಿ ಇಂಜಿನ್ನೂ ಅದೇ ವಂಶದ್ದು. ಇದು ಎರಡು ಎಸ್‌ಯು ಕಾರ್ಬೊರೇಟರ್ ಹಾಕ್ಕೊಂಡು ಶೋಕಿ ಮಾಡೋ ಅಣ್ಣ ಅಷ್ಟೇ.

ಹೋದ್ವರ್ಷ ಟಕ್ ಟಕ್ ಶುರುವಾಯ್ತು. ಇಂಜಿನ್ ತಲೆ ಮೇಲಿನ ರಾಕರ್ ಕವರ್ ಬಿಚ್ಚಿ, ವಾಲ್ವ್ ಎಷ್ಟು ಏಳುತ್ತೆ ಅಂತ ಅಳೆಯೋಕೆ ಡಯಲ್ ಗೇಜ್ ಇಟ್ರೆ ಬೇರೆ ವಾಲ್ವ್ ಎಲ್ಲಾ ಒಂಬತ್ತು ಮಿಲಿ ಹತ್ರ ಏಳ್ತಿವೆ, ಮೂರನೇ ಸಿಲಿಂಡರ್ ಎಕ್ಸಾಸ್ಟು ಆರೂವರೆಗೇ ಸುಸ್ತು. ಕ್ಯಾಮ್ ಶಾಫ್ಟಿನ ಲೋಬ್, ಅಂದ್ರೆ ವಾಲ್ವ್ ಎತ್ತೋ ಉಬ್ಬು, ಸವೆದೋಗಿದೆ ಅಂತ ಗೊತ್ತಾಯ್ತು. ಆನ್‌ಲೈನಲ್ಲಿ ಒಂದು ಕಿಟ್ ಆರ್ಡರ್ ಮಾಡ್ದೆ, ಕ್ಯಾಮ್ ಶಾಫ್ಟು ಮತ್ತೆ ಎಂಟು ಟ್ಯಾಪೆಟ್ಟು (ಲೋಬ್ ಮೇಲೆ ಕೂತು ಅದು ತಳ್ಳಿದ್ದನ್ನ ವಾಲ್ವ್ ಕಡೆ ದಾಟ್ಸೋ ಸಣ್ಣ ತುಂಡು), ಅಂಗಡಿ ಹೆಸ್ರು ಬೇಡ.

ಕ್ಯಾಮ್ ಇರೋದು ಬ್ಲಾಕ್ ಒಳಗೆ, ಆದ್ರಿಂದ ಇದು ಭಾನುವಾರ ಮಧ್ಯಾಹ್ನದ ಕೆಲ್ಸ ಅಲ್ಲ. ರಾಕರ್ ಶಾಫ್ಟ್ ಹಿಡ್ಕೊಂಡಿರೋ ನಟ್ಟಲ್ಲಿ ಅರ್ಧ ಹೆಡ್ಡಿನ ನಟ್ಟೇ, ಅಂದ್ರೆ ಹೆಡ್ಡೂ ಸಡಿಲ ಆಗುತ್ತೆ, ಅದಕ್ಕೆ ಮೊದ್ಲು ಇಂಜಿನ್ ನೀರು ಇಳಿಸ್ಬೇಕು, ಆಮೇಲೆ ಮ್ಯಾನಿಫೋಲ್ಡ್ ತೆಗ್ದು ಸೈಡ್ ಕವರ್ ಬಿಚ್ಚಿ ಟ್ಯಾಪೆಟ್ ಒಂದೊಂದೇ ಕೈ ಹಾಕಿ ಎತ್ಕೋಬೇಕು, ಟೈಮಿಂಗ್ ಚೈನು ಬಿಚ್ಬೇಕು, ಆಯಿಲ್ ಪಂಪ್ ತಿರುಗ್ಸೋದೂ ಕ್ಯಾಮೇ ಆಗಿರೋದ್ರಿಂದ ಕೆಳಗಿನ ಆಯಿಲ್ ಚೇಂಬರ್ ಇಳಿಸಿ ಪಂಪೂ ತೆಗೀಬೇಕು. ನಾನು ಕ್ರೇನ್ ಬಾಡಿಗೆಗೆ ತಂದು ಇಂಜಿನ್ನೇ ಹೊರಗೆ ಎತ್ತಿಟ್ಟೆ.

ಎಲ್ಲಾ ಬಿಚ್ಚಾಯ್ತು, ಕ್ಯಾಮ್ ಎಳೆದ್ರೆ ಎರಡು ಇಂಚು ಕೂಡ ಬರ್ತಿಲ್ಲ. ಒಂದು ಗಂಟೆ ಒದ್ದಾಡಿ ಕೊನೆಗೆ ಮೈಸೂರಿಗೆ ವಿಡಿಯೋ ಕಾಲ್ ಮಾಡ್ದೆ, ಮಂಡಿ ಮೊಹಲ್ಲಾದಲ್ಲಿ ನಮ್ಮಪ್ಪನ ಅಂಬಾಸಿಡರ್ ನೋಡ್ಕೋತಿದ್ದ ಮೆಕ್ಯಾನಿಕ್ಕಿಗೆ. ಅವ್ರು ಎಂಜಿಬಿ ಯಾವತ್ತೂ ಮುಟ್ಟಿಲ್ಲ. ಫೋನ್ ಕಣ್ಣಿನ ಹತ್ರ ಹಿಡ್ಕೊಂಡು ನೋಡಿ, "ಡಿಸ್ಟ್ರಿಬ್ಯೂಟರ್ ತೆಗ್ದಿದೀರ ಸರಿ, ಅದ್ರ ಕೆಳಗಿನ ಡ್ರೈವ್ ತೆಗ್ದ್ರಾ ಸಾರ್?" ಅಂದ್ರು. ತೆಗ್ದಿರ್ಲಿಲ್ಲ! ಅದರ ಗೇರು ಕ್ಯಾಮಿನ ಗೇರಿಗೆ ಕಚ್ಕೊಂಡು ಕೂತಿದೆ. ತೂತಲ್ಲಿ ಬೆರಳು ಹೋಗಲ್ಲ, ಒಂದು 5/16 ಇಂಚಿನ ಯುಎನ್‌ಎಫ್ (ಸಣ್ಣ ಥ್ರೆಡ್ಡಿನ) ಬೋಲ್ಟ್ ಅದ್ರ ತಲೆಗೇ ತಿರುಗ್ಸಿ ಹಾಗೇ ತಿರುವ್ತಾ ಮೇಲಕ್ಕೆ ಎತ್ತಿದ್ರೆ ಬೆಣ್ಣೆ ತರ ಬಂತು. ಅಂದಹಾಗೆ ಅದ್ರ ಸೀಳು ನಡೂಮಧ್ಯ ಇರಲ್ಲ, ಒಂದು ಪಕ್ಕ ದಪ್ಪ ಒಂದು ಪಕ್ಕ ಸಣ್ಣ, ಬಿಚ್ಚೋ ಮುಂಚೆ ಫೋಟೋ ತಗೊಳ್ಳಿ, ಉಲ್ಟಾ ಕೂರ್ಸಿದ್ರೆ ಗಾಡಿ ಸ್ಟಾರ್ಟೇ ಆಗಲ್ಲ.

ಹೊಸ ಶಾಫ್ಟು ನೀಟಾಗಿ ಕೂತ್ತು. ಹಲ್ಲಿನ ಚಕ್ರ ಎರಡರ ಚುಕ್ಕೆ ಎದುರುಬದುರು ಹಿಡಿದು ಚೈನ್ ಹಾಕ್ದೆ, ಲೋಬಿಗೆಲ್ಲಾ ಸವೆತ ತಡೆಯೋ ಪೇಸ್ಟು ಬಳಿದೆ, ಜಿಂಕ್ ಜಾಸ್ತಿ ಇರೋ 20ಡಬ್ಲ್ಯು-50 ಆಯಿಲ್ ಹುಯ್ದೆ, ಸ್ಟಾರ್ಟ್ ಆದ ತಕ್ಷಣ ಐಡಲ್‌ಗೆ ಬಿಡದೆ 2000ದಿಂದ 2500 ಆರ್‌ಪಿಎಂನಲ್ಲಿ ಇಪ್ಪತ್ತು ನಿಮಿಷ ಓಡ್ಸಿದೆ. ಪಕ್ಕದ್ಮನೆ ಅಜ್ಜಿ ಕಿಟಕಿ ಹಾಕ್ಕೊಂಡ್ರು. ಗಾಡಿ ಮಾತ್ರ ಸೂಪರ್, ಎರಡನೇ ಗೇರಲ್ಲಿ ಎಳೆಯೋದು ನೋಡ್ಬೇಕಿತ್ತು.

ಆರ್‌ನೂರು ಮೈಲಿ ಅಷ್ಟೇ. ಮತ್ತೆ ಟಕ್ ಟಕ್. 15 ಥೌ (ಒಂದು ಥೌ ಅಂದ್ರೆ ಇಂಚಿನ ಸಾವಿರದಲ್ಲೊಂದು ಭಾಗ) ಇಟ್ಟಿದ್ದ ವಾಲ್ವ್ ಗ್ಯಾಪು ಎರಡನೇ ಎಕ್ಸಾಸ್ಟಲ್ಲಿ 30 ದಾಟಿತ್ತು. ಟ್ಯಾಪೆಟ್ ಎತ್ತಿ ಬೆಳಕಿಗೆ ಹಿಡಿದ್ರೆ ತಳ ಊಟದ ತಟ್ಟೆ ತರ ಗುಂಡಿ ಬಿದ್ದಿದೆ, ನಡುವೆ ಒಂದೇ ಗೆರೆ. ಆ ತಳ ಹುಟ್ಟಾ ಚೂರೇ ಚೂರು ಉಬ್ಬಿರ್ಬೇಕು, ಲೋಬ್ ಚೂರು ಓರೆ ಇರ್ಬೇಕು, ಆಗ್ಲೇ ಟ್ಯಾಪೆಟ್ ಬುಗುರಿ ತರ ತಿರುಗ್ತಾ ಸಮನಾಗಿ ಸವೆಯೋದು. ತಿರುಗೋದು ನಿಂತ್ರೆ ಕಥೆ ಮುಗೀತು, ತಾನು ಸಾಯೋದಲ್ದೆ ಲೋಬನ್ನೂ ಜೊತೆಗೆ ಕರ್ಕೊಂಡು ಹೋಗುತ್ತೆ.

ಅಂಗಡಿಯವರಿಗೆ ಮೇಲ್ ಹಾಕಿದ್ರೆ ಮೊದ್ಲ ಉತ್ತರ ನೀವು ಯಾವ ಆಯಿಲ್ ಹಾಕಿದ್ರಿ ಅಂತ. ಬಿಲ್ ಕಳಿಸ್ದೆ. ಎರಡನೇ ಉತ್ತರಕ್ಕೆ ಮೂರು ವಾರ, ಟ್ಯಾಪೆಟ್ ದುಡ್ಡು ವಾಪಸ್ ಕೊಡ್ತೀವಿ, ಶಾಫ್ಟಿಗೆ ಕೊಡಲ್ಲ, ಲೇಬರ್ ಅಂತೂ ಕೇಳ್ಬೇಡಿ. ಲೇಬರ್ ನನ್ನ ಸೊಂಟದ್ದು ಕಣ್ರೀ!

ಇನ್ನು ಐದು ಸ್ಟಾರ್ ಯಾರಿಗೆ ಅಂದ್ರೆ, ಒಂದು ಶೆಡ್ಡಲ್ಲಿ ಅಪ್ಪ ಮಗ ಇಬ್ರೇ ನಡೆಸೋ ಕ್ಯಾಮ್ ಗ್ರೈಂಡಿಂಗ್ ಅಂಗಡಿಗೆ. ಅಪ್ಪ ನನ್ನ ಟ್ಯಾಪೆಟ್ ತಗೊಂಡು ಮಾತಾಡ್ದೆ ಹಾರ್ಡ್‌ನೆಸ್ ಮಶೀನ್ ಕೆಳಗಿಟ್ರು, ರಾಕ್‌ವೆಲ್ ಸಿ ಸ್ಕೇಲಲ್ಲಿ 55ರ ಆಸುಪಾಸು ಬರ್ಬೇಕಾದ್ದು 41 ತೋರಿಸ್ತು. ಶಾಫ್ಟು ಗಟ್ಟಿ ಇದೆ, ಬಿಸಾಕ್ಬೇಡ ಅಂತ ಹೇಳಿ ಎಂಟೂ ಲೋಬ್ ಹೊಸದಾಗಿ ಗ್ರೈಂಡ್ ಮಾಡಿ ಕಪ್ಪು ಕೋಟಿಂಗ್ ಕೊಟ್ರು, ಹೊಸ ಟ್ಯಾಪೆಟ್ ಎಂಟನ್ನೂ ನನ್ನ ಕಣ್ಣೆದುರೇ ಟೆಸ್ಟ್ ಮಾಡಿ ಪ್ಯಾಕ್ ಮಾಡಿದ್ರು. ಆ ಕಿಟ್ಟಿಗಿಂತ 40 ಪೌಂಡ್ ಜಾಸ್ತಿ ಆಯ್ತು, ಒಂಬತ್ತು ದಿನ ಕಾದೆ.

ಮತ್ತೆ ಕ್ರೇನು, ಮತ್ತೆ ಅಜ್ಜಿ ಕಿಟಕಿ. ಈಗ 2100 ಮೈಲಿ ಆಗಿದೆ, ಮೂರು ಸಲ ಗ್ಯಾಪ್ ಚೆಕ್ ಮಾಡ್ದೆ, ಅಲ್ಲಾಡಿಲ್ಲ. ಸೈಡ್ ಕವರಿಂದ ಚೂರು ಎಣ್ಣೆ ಜಿನುಗ್ತಿದೆ, ಅದನ್ನ ಯಾರ ಲೆಕ್ಕಕ್ಕೂ ಹಾಕ್ಬೇಡಿ, ಬೋಲ್ಟ್ ಜಾಸ್ತಿ ಬಿಗಿದು ಕವರ್ ಸೊಟ್ಟ ಮಾಡಿದ್ದು ನಾನೇ.