ಯುಟ್ರೆಕ್ಟ್, ಡೆಲ್ಫ್ಟ್: ಒಂದೇ ದಿನವಿದ್ದರೆ ಯಾವುದು?

ನೆದರ್ಲೆಂಡ್ಸ್‌ನಲ್ಲಿ ಹಳೇ ಊರು ನೋಡಲು ಒಂದೇ ದಿನವಿದ್ದರೆ ಯುಟ್ರೆಕ್ಟ್‌ಗೆ ಹೋಗಿ. ಎರಡೂ ಊರು ಸುತ್ತಿ, ಎರಡೂ ಕಡೆ ಗೋಪುರ ಹತ್ತಿ ಇಳಿದು ಹೇಳುತ್ತಿದ್ದೇನೆ.

ಡೆಲ್ಫ್ಟ್ ಚೆಂದದ ಊರೇ. 1584ರಲ್ಲಿ, ಸ್ಪೇನ್ ವಿರುದ್ಧ ಡಚ್ಚರ ದಂಗೆಯ ನಾಯಕ ವಿಲಿಯಂ ಆಫ್ ಆರೆಂಜ್‌ನನ್ನು ಗುಂಡಿಟ್ಟು ಕೊಂದದ್ದು ಇಲ್ಲಿ, ಅವನ ಸಮಾಧಿ ಇರುವುದೂ ಇಲ್ಲಿನ ಹೊಸ ಚರ್ಚಿನಲ್ಲಿ. ಹೆಸರಿಗೆ ಹೊಸದು, ಗೋಪುರ ಮುಗಿದದ್ದು 1496ರಲ್ಲಿ!

ಕಿರಿಕಿರಿ ಶುರುವಾಗುವುದೇ ಆ ಗೋಪುರದಲ್ಲಿ. 376 ಮೆಟ್ಟಿಲು. ಹತ್ತುವವರಿಗೂ ಇಳಿಯುವವರಿಗೂ ಅದೇ ಇಕ್ಕಟ್ಟಿನ ಸುರುಳಿ ದಾರಿ. ಮೇಲಿನಿಂದ ಕಾಲಸಪ್ಪಳ ಕೇಳಿದ ಕೂಡಲೇ ಗೋಡೆಗೆ ಬೆನ್ನು ಒತ್ತಿ ನಿಲ್ಲಬೇಕು. ಗೋಡೆ ಬದಿ ಬಿಟ್ಟುಕೊಟ್ಟರೆ ಇನ್ನೂ ಕಷ್ಟ. ನಡುಗಂಬದ ಕಡೆ ಮೆಟ್ಟಿಲು ಸಣ್ಣಗಾಗುತ್ತಾ ಹೋಗಿ, ಬೆರಳು ಊರಲು ಜಾಗವಿದ್ದರೆ ಹಿಮ್ಮಡಿಗೆ ಇರುವುದಿಲ್ಲ.

ಬೆನ್ನಿಗೆ ಬ್ಯಾಗಿದ್ದವರು ಎದುರಾದರೆ ಮುಗಿಯಿತು. ಯಾರು ಹಿಂದೆ ಸರಿಯಬೇಕು ಅಂತ ಇಬ್ಬರಿಗೂ ತಿಳಿಯುವುದಿಲ್ಲ. ಮೇಲೆ ಗಾಳಿ, ನೋಟ ಎಲ್ಲ ಸೊಗಸು, ಆದರೆ ಇಳಿಯುವ ಚಿಂತೆಯಲ್ಲಿ ಅದನ್ನು ನೆಮ್ಮದಿಯಾಗಿ ನೋಡಲಾಗಲಿಲ್ಲ. ಮಂಡಿ ನೋವಿನ ಅಪ್ಪ ಅಮ್ಮನನ್ನು ನಾನಂತೂ ಅಲ್ಲಿಗೆ ಹತ್ತಿಸುವುದಿಲ್ಲ.

ಯುಟ್ರೆಕ್ಟ್‌ನ ಡೋಮ್ ಗೋಪುರದಲ್ಲಿ ಮೆಟ್ಟಿಲು ಇನ್ನೂ ಜಾಸ್ತಿ, 465. ಎತ್ತರ 112 ಮೀಟರ್. ಆದರೆ ಗೈಡ್ ಜೊತೆ, ಗುಂಪಿನಲ್ಲೇ ಹತ್ತಬೇಕು. ನಡುನಡುವೆ ನಿಂತು ಸುಧಾರಿಸಿಕೊಳ್ಳಬಹುದು. ಗೋಪುರದಲ್ಲಿರುವ, 1505ರಲ್ಲಿ ಎರಕ ಹೊಯ್ದ ಸಾಲ್ವೇಟರ್ ಗಂಟೆಯೊಂದೇ 8 ಟನ್‌ಗೂ ಜಾಸ್ತಿ ತೂಗುತ್ತದೆ.

ಗೋಪುರಕ್ಕೂ ಅದು ಸೇರಿದ್ದ ಡೋಮ್ ಚರ್ಚಿಗೂ ನಡುವೆ ಖಾಲಿ ಚೌಕವಿದೆ. 1674ರ ಬಿರುಗಾಳಿಗೆ ಚರ್ಚಿನ ನಡುಭಾಗ ಕುಸಿಯಿತು, ಮತ್ತೆ ಕಟ್ಟಲೇ ಇಲ್ಲ. ಅದರ ಕಂಬಗಳಿದ್ದ ಜಾಗವನ್ನು ನೆಲದ ಕಲ್ಲಿನಲ್ಲೇ ಗುರುತು ಮಾಡಿದ್ದಾರೆ. ಆ ಗುರುತಿನ ಮೇಲೆ ನಡೆದರೆ ಚರ್ಚು ಎಷ್ಟು ದೊಡ್ಡದಿತ್ತು ಅನ್ನುವುದು ಕಾಲಿಗೇ ಗೊತ್ತಾಗುತ್ತದೆ. ಪಕ್ಕದ ಪಾಂಡ್‌ಹೋಫ್ ತೋಟಕ್ಕೂ ಟಿಕೆಟ್ ಇಲ್ಲ.

ಕಾಲುವೆಗಳಲ್ಲೂ ಯುಟ್ರೆಕ್ಟ್‌ನದೇ ಮೇಲುಗೈ. ಔಡೆಗ್ರಾಖ್ಟ್ ಕಾಲುವೆಯ ದಂಡೆ ಬೀದಿಗಿಂತ ಒಂದು ಅಂತಸ್ತು ಕೆಳಗಿದೆ. ದೋಣಿಯಿಂದ ಇಳಿಸಿದ ಸರಕು ನೇರ ನೆಲಮಾಳಿಗೆಗೆ ಹೋಗುತ್ತಿತ್ತು. ಈಗ ಅಲ್ಲೆಲ್ಲ ಹೋಟೆಲು, ಕೆಫೆ. ನೀರಿನ ಕಡೆ ಕಟಕಟೆ ಇಲ್ಲ, ಮಕ್ಕಳಿದ್ದರೆ ಕೈ ಹಿಡಿದುಕೊಳ್ಳಿ.

ಚಿತ್ರಕಾರ ವರ್ಮೀರ್‌ಗಾಗಿ ಡೆಲ್ಫ್ಟ್‌ಗೆ ಹೋಗುವವರಿಗೆ ಒಂದು ಮಾತು: ಅವನ ಸಮಾಧಿ ಅಲ್ಲಿದೆ, ಚಿತ್ರ ಒಂದೂ ಇಲ್ಲ. ಡೆಲ್ಫ್ಟ್ ಊರನ್ನೇ ಬರೆದ ಚಿತ್ರ ಪಕ್ಕದ ಹೇಗ್‌ನಲ್ಲಿದೆ.

ನಾನು ಊರು ನೋಡುವುದು ನಡೆದುಕೊಂಡೇ, ದುಡ್ಡೂ ನೋಡಿಕೊಂಡೇ. ಆಮ್‌ಸ್ಟರ್‌ಡ್ಯಾಮ್‌ನಿಂದ ಯುಟ್ರೆಕ್ಟ್‌ಗೆ ರೈಲಿನಲ್ಲಿ ಅರ್ಧ ಗಂಟೆ, ಡೆಲ್ಫ್ಟ್‌ಗೆ ಅದರ ಎರಡರಷ್ಟು. ಡೋಮ್ ಗೋಪುರದ ಟಿಕೆಟ್ ಮಾತ್ರ ಮೊದಲೇ ಮಾಡಿಸಿ.