ಓಬ್ರಾ ಡಿನ್: ಆಟದೊಳಗೊಂದು ಪುಸ್ತಕ

2018ರಲ್ಲಿ ಲ್ಯೂಕಸ್ ಪೋಪ್ ರೂಪಿಸಿದ ‘ರಿಟರ್ನ್ ಆಫ್ ದಿ ಓಬ್ರಾ ಡಿನ್’ ಎಂಬ ವಿಡಿಯೊ ಗೇಮ್ ಕತೆ ಹೇಳುವುದರಲ್ಲಿ ಎಷ್ಟೋ ಪತ್ತೇದಾರಿ ಕಾದಂಬರಿಗಳಿಗಿಂತ ಒಂದು ಕೈ ಮೇಲು. 1807, ಈಸ್ಟ್ ಇಂಡಿಯಾ ಕಂಪನಿಯ ಹಡಗು, ಅದರಲ್ಲಿದ್ದ 60 ಮಂದಿ. ಪ್ರತಿಯೊಬ್ಬರ ಹೆಸರೇನು, ಗತಿ ಏನಾಯಿತು ಎಂಬುದನ್ನು ಕೈಯಲ್ಲಿರುವ ಪುಸ್ತಕದಲ್ಲಿ ನಾವೇ ತುಂಬಬೇಕು. ಹೆಣದ ಬಳಿ ನಮ್ಮ ಮಾಯಾ ಗಡಿಯಾರ ತೆರೆದರೆ ಮೊದಲು ಕತ್ತಲಲ್ಲಿ ಮಾತು ಕೇಳುತ್ತದೆ; ಆಮೇಲೆ ಸಾವಿನ ಕ್ಷಣ ಸ್ತಬ್ಧಚಿತ್ರದಂತೆ ಎದುರು ನಿಲ್ಲುತ್ತದೆ. ಎಂಥ ಸೊಗಸಾದ ತಂತ್ರ!

ಮೂವರ ಬಗೆಗಿನ ಉತ್ತರ ಒಟ್ಟಿಗೆ ಸರಿಯಾದರಷ್ಟೇ ಖಚಿತವಾಗುವುದರಿಂದ ಬರೀ ಊಹೆಯಿಂದ ಗೆಲ್ಲುವುದು ಕಷ್ಟ. ನಾವಿಕರು ಮಲಗುವ ಜೋಲಿಗಳ ಮೇಲಿನ ಸಂಖ್ಯೆಯನ್ನು ಸಿಬ್ಬಂದಿ ಪಟ್ಟಿಯೊಂದಿಗೆ ತಾಳೆ ನೋಡಿ, ಮಾತಿನ ಧಾಟಿ ಗಮನಿಸಿ. ಪುಸ್ತಕದ ಚಿತ್ರದಲ್ಲಿ ಮುಖ ಮಸುಕಾಗಿದ್ದರೆ ಸುಳಿವು ಇನ್ನೂ ಸಾಲದು ಎಂದರ್ಥ.

ಹಳೆಯ ದೃಶ್ಯ ಮತ್ತೆ ನೋಡಲು ಆ ಹೆಣದ ತನಕ ನಡೆಯಬೇಕು, ಇದು ಕಿರಿಕಿರಿ. ಉತ್ತರಗಳು ಬದಲಾಗುವುದಿಲ್ಲ, ಹಾಗಾಗಿ ಎರಡನೇ ಸಲಕ್ಕೆ ಸ್ವಾರಸ್ಯ ಕಡಿಮೆ. ಸುಳಿವಿನ ವಿಡಿಯೊಗಳನ್ನು ದಯವಿಟ್ಟು ನೋಡಬೇಡಿ.